ಮೂರನೆಯ ಬಾವುಟ

ನಮ್ಮ ಚಾರ್ಲ್ಸ್‌ಟನ್ನಿನಲ್ಲಿ ಹಳೆಯ ಮನೆಗಳಿಗೆ ಇರುವ ಮರ್ಯಾದೆ ಮನುಷ್ಯರಿಗಿಲ್ಲ. ಆ ಮನೆಗಳ ಎದುರಿನ ಬೀದಿಗಿರುವ ಮರ್ಯಾದೆಯಂತೂ ಕೇಳುವುದೇ ಬೇಡ. ಪ್ರವಾಸಿಗಳನ್ನು ಕೂರಿಸಿಕೊಂಡು ಹೋಗುವ ಗಾಡಿಯ ಹೇಸರಗತ್ತೆ ಅಲ್ಲಿ ಉಚ್ಚೆ ಹೊಯ್ದರೆ, ಗಾಡಿ ಹೊಡೆಯುವವರು ಸೀಸದ ಗುಂಡಿಗೆ ಕಟ್ಟಿದ ಪುಟ್ಟ ಬಾವುಟವೊಂದನ್ನು ಗುರುತಿಗೆ ಎಸೆದು ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಬೇಕು. ನೀರಿನ ಲಾರಿ ಬಾವುಟ ಹುಡುಕಿಕೊಂಡು ಬಂದು, ಬೀದಿ ತೊಳೆದು, ನಿಂಬೆ ವಾಸನೆಯ ಔಷಧಿ ಸಿಂಪಡಿಸಿ ಹೋಗುತ್ತದೆ. ಗುರುತು ಹಾಕದೆ ಗಾಡಿ ಮುಂದಕ್ಕೆ ಉರುಳಿತೋ, ಅದು ತಪ್ಪು. ವರ್ಷದಲ್ಲಿ ಅಂಥ ಮೂರು ತಪ್ಪಾದರೆ ಪರವಾನಗಿಗೆ ತಿಲಾಂಜಲಿ.

ಲವೀನಿಯಾ ಮಾನಿಗೋ ಅವರ ಹೆಸರಿನಲ್ಲಿ ಆಗಲೇ ಎರಡಿದ್ದವು.

ಅರವತ್ತು ದಾಟಿದ ದೊಡ್ಡ ಹೆಂಗಸು. ಅವರ ಗಂಟಲು ಎತ್ತಿದರೆ ಬಂದರಿನಾಚೆಯ ಸಿಗಡಿ ದೋಣಿಗಳೂ ತಿರುಗಿ ನೋಡುತ್ತಿದ್ದವು. ಅವರ ತಾತ ಇದೇ ಬೀದಿಗಳಲ್ಲಿ ತರಕಾರಿ ಗಾಡಿ ತಳ್ಳಿದವರು. ಮೊಮ್ಮಗಳು ಅದೇ ಬೀದಿಗಳಲ್ಲಿ ಎತ್ತರದ ಪೀಠದ ಮೇಲೆ ಕೂತು, ಮನೆಗಳ ಯಜಮಾನರನ್ನು ಮೇಲಿನಿಂದ ನೋಡುತ್ತ ಹೋಗುವುದರಲ್ಲಿ ಒಂದು ಸುಖವಿತ್ತು. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಗಾಡಿ ಎಳೆಯುವ ಹೇಸರಗತ್ತೆಯ ಹೆಸರು ಬಿಷಪ್. ನಡೆಯುವುದು ನಿಧಾನ, ನಿಲ್ಲುವುದು ಗಂಭೀರ, ಮಿಕ್ಕವರೆಲ್ಲ ಕಾಯಬೇಕು. ಪರವಾನಗಿ ಹೋದರೆ ಬಿಷಪ್ ಇನ್ನೊಬ್ಬ ಚಾಲಕನ ಪಾಲು. ಆ ಮಹಾಶಯನಿಗೆ ಮಾತಿಗಿಂತ ಚಾಟಿಯ ಮೇಲೆ ನಂಬಿಕೆ ಹೆಚ್ಚು.

ಆ ಶನಿವಾರ ಮಧ್ಯಾಹ್ನ ಲವೀನಿಯಾ ಪೀಠದ ಕೆಳಗೆ ಆಗಷ್ಟೇ ಅಂಗಡಿಯಿಂದ ತಂದ ದುಂಡನೆಯ ಪೆಟ್ಟಿಗೆಯೊಂದನ್ನು ಇಡುತ್ತಿದ್ದಾಗ, ಮಾರುಕಟ್ಟೆಯ ಕಂಬದ ಪಕ್ಕ ಹುಲ್ಲಿನ ಬುಟ್ಟಿ ಹೆಣೆಯುತ್ತ ಕೂತಿದ್ದ ಐಡೆಲ್ಲಾ ಕತ್ತು ಚಾಚಿದರು. ಮರುದಿನ ಚರ್ಚಿನಲ್ಲಿ ಹೆಂಗಸರ ಭಾನುವಾರ. ಅಂದು ಟೋಪಿಗಳದೇ ಪಾರುಪತ್ಯ. ಇಬ್ಬರ ನಡುವೆ ಈ ಯುದ್ಧ ಹಳೆಯದು.

“ಒಂದ್ಸಲ ಮುಚ್ಚಳ ತೆಗಿಯೇ, ನೋಡ್ತೀನಿ.”

“ನಾಳೆ ನೋಡೋವಂತೆ. ತಂಪು ಕನ್ನಡಕ ತಗೊಂಡ್ ಬಾ, ಕಣ್ಣು ಹೋದೀತು.”

“ಹೋದ ವರ್ಷದ್ದೂ ಹೀಗೇ ಅಂದಿದ್ದೆ. ನೋಡಿದ್ರೆ ಕೋಳಿ ಕಾವಿಗೆ ಕೂತಂಗಿತ್ತು.”

ಲವೀನಿಯಾ ಲಗಾಮು ಹಿಡಿದರು. ಯಾವ ಗಾಡಿ ಊರಿನ ಯಾವ ಭಾಗಕ್ಕೆ ಹೋಗಬೇಕೆಂಬುದನ್ನು ನಮ್ಮಲ್ಲಿ ಗಾಡಿಗಳು ಹೊರಡುವ ದ್ವಾರದ ಬಳಿಯ ಯಂತ್ರದಿಂದ ಉರುಳಿ ಬೀಳುವ ಚೆಂಡು ಹೇಳುತ್ತದೆ. ಅಂದು ಬಿದ್ದ ಚೆಂಡು ದಕ್ಷಿಣದ ದಾರಿಯದು: ಉದ್ದನೆಯದು, ಇಕ್ಕಟ್ಟಿನದು, ಅತಿ ಮರ್ಯಾದಸ್ಥ ಮನೆಗಳದು. ಸಾಲದ್ದಕ್ಕೆ ದ್ವಾರದ ಪಕ್ಕದಲ್ಲೇ ಸೈಕಲ್ಲಿಗೆ ಒರಗಿಕೊಂಡು ಗಾಡಿಗಳ ತಪಾಸಣೆ ಮಾಡುವ ಲೂಥರ್ ಪ್ರೆಲೋ ನಿಂತಿದ್ದ. ಚಿಕ್ಕಂದಿನಲ್ಲಿ ಅವನಿಗೆ ಚರ್ಚಿನಲ್ಲಿ ಭಾನುವಾರದ ಪಾಠ ಹೇಳಿದವರು ಲವೀನಿಯಾ. ಸುಳ್ಳು ಹೇಳಬಾರದು, ಕಂಡದ್ದನ್ನು ಕಾಣಲಿಲ್ಲ ಅನ್ನಬಾರದು ಎಂದು ಕಿವಿ ಹಿಂಡಿ ಕಲಿಸಿದ್ದರು. ಹುಡುಗ ಚೆನ್ನಾಗಿ ಕಲಿತುಬಿಟ್ಟಿದ್ದ. ಎರಡು ತಪ್ಪುಗಳನ್ನೂ ಬರೆದವನು ಅವನೇ.

“ಇವತ್ತು ನಿಮ್ಮ ಹಿಂದೇನೇ ಬರ್ತೀನಿ, ಮಿಸ್ ಮಾನಿಗೋ.”

“ಬಾರಪ್ಪ. ಬೀದಿ ಸರ್ಕಾರದ್ದು, ಸೈಕಲ್ಲು ನಿಂದು.”

ಬತ್ತಳಿಕೆಯಲ್ಲಿದ್ದದ್ದು ಎರಡೇ ಬಾವುಟ. ಸಾಮಾನ್ಯವಾಗಿ ಒಂದು ಸವಾರಿಗೆ ಅಷ್ಟು ಧಾರಾಳ ಸಾಕು. ಆದರೆ ಚರ್ಚ್ ಬೀದಿಗೆ ಹೊರಳಿದ್ದೇ ತಡ, ಬಿಷಪ್ ಕಾಲು ಅಗಲಿಸಿ ನಿಂತು ಮೊದಲನೆಯದನ್ನು ವಸೂಲು ಮಾಡಿದ. ಬಾವುಟ ಬಿತ್ತು, ಸುದ್ದಿ ಹೋಯಿತು. ಹಿಂದಿನಿಂದ ಲೂಥರ್ ತಲೆಯಾಡಿಸಿದ.

ಗಾಡಿಯಲ್ಲಿ ಒಹಾಯೊ ಕಡೆಯ ವಾಲ್ಟರ್ ಎಂಬ ದಢೂತಿ ಮನುಷ್ಯ, ಅವನ ಹೆಂಡತಿ, ಇನ್ನೂ ಕೆಲವರು ಕೂತಿದ್ದರು. ಬಣ್ಣಬಣ್ಣದ ಮನೆಗಳ ಸಾಲಿನೆದುರು ಗಾಡಿ ನಿಲ್ಲಿಸಿ ಲವೀನಿಯಾ ಮಾತಿನ ರಂಗೇರಿಸಿದ್ದಾಗ ಗಾಡಿಯ ಕೆಳಗೆ ನೆಲಕ್ಕೆ ಸುರ್ರನೆ ನೀರಿಳಿದ ಸದ್ದು. ಅವರ ಕಿವಿಗೆ ಆ ಸದ್ದು ಯುದ್ಧದ ಕಹಳೆ. ಬಗ್ಗಿ ನೋಡುವಷ್ಟೂ ತಾಳದೆ ಎರಡನೆಯ ಬಾವುಟ ಬೀಸಿ ಒಗೆದರು, ವೈರ್‌ಲೆಸ್ಸಿನಲ್ಲಿ ಜಾಗ ಹೇಳಿದರು, ಬಿಷಪ್‌ನನ್ನು ಮುಂದಕ್ಕೆ ಹೊಡೆದರು.

ಸಮುದ್ರದ ತಡೆಗೋಡೆ ಮುಟ್ಟುವ ಹೊತ್ತಿಗೆ ವಾಲ್ಟರ್ ಖಾಲಿ ಲೋಟ ಎತ್ತಿ ಹಿಡಿದ.

“ಮೇಡಂ, ಅಲ್ಲಿ ನನ್ನ ನಿಂಬೆ ಶರಬತ್ತು ಪೂರ್ತಿ ಚೆಲ್ಲೋಯ್ತು. ಹಲಗೆ ಸಂದಿಯಿಂದ ಕೆಳಗೆ ಇಳೀತು. ಅದಕ್ಕೂ ಬಾವುಟ ಹಾಕ್ತೀರಾ ಇಲ್ಲಿ? ಎಂಥ ಶುದ್ಧವಾದ ಊರು.”

ಲವೀನಿಯಾ ಖಾಲಿ ಬತ್ತಳಿಕೆಗೆ ಕೈ ಹಾಕಿ ನೋಡಿದರು. ಗಾಡಿಯನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ಕೈಯಲ್ಲಿ ಬಾವುಟವಿಲ್ಲ. ಅರ್ಧ ದಾರಿ ಬಾಕಿ. ಹಿಂದೆ ಸೈಕಲ್ಲಿನ ಸರಪಳಿ ಕಿರ್ರ್ ಕಿರ್ರ್ ಅನ್ನುತ್ತಿದೆ. ಬಿಷಪ್‌ನ ಬಾಲ ಎಡಕ್ಕೆ ಒಮ್ಮೆ ಹೊರಳಿತು. ಅದರ ಅರ್ಥ ಗೊತ್ತಿದ್ದವರು ಆ ಗಾಡಿಯಲ್ಲಿ ಅವರೊಬ್ಬರೇ.

ನಡೆಯುತ್ತಿರುವಷ್ಟು ಹೊತ್ತು ಬಿಷಪ್ ಹೊಯ್ಯುವವನಲ್ಲ, ನಿಂತರೆ ಮಾತ್ರ. ಆದ್ದರಿಂದ ನಿಲ್ಲಿಸಬಾರದು. ಅಷ್ಟೇ ಈಗ ಯುದ್ಧನೀತಿ. ಲವೀನಿಯಾ ಬಾಯಿಯಿಂದ ಕಥೆ ಹೇಳುತ್ತ, ಕಣ್ಣಿಂದ ಬಾಲವನ್ನೇ ನೋಡುತ್ತ ನಡೆಸಿದರು. ಅಂದು ಅವರು ಹೇಳಿದ್ದೆಲ್ಲ ಏಕೋ ನೀರಿನ ಕಡೆಗೇ ಹರಿಯುತ್ತಿತ್ತು. “ಇಲ್ಲಿ ಎರಡು ನದಿ ಸೇರ್ತವೆ. ಸೇರಿ ಅಟ್ಲಾಂಟಿಕ್ ಸಮುದ್ರ ಆಗತ್ತೆ ಅಂತ ನಮ್ಮೂರವರ ಜಂಬ.” ಬಿಷಪ್‌ನ ಕಿವಿ ನಿಮಿರಿತು. “ಆ ಜಗಲಿ ಮಾಡಿಗೆ ನೀಲಿ ಬಣ್ಣ ಬಳಿದಿದಾರಲ್ಲ, ನೀರು ಅಂದ್ಕೊಂಡು ದೆವ್ವ ಅದನ್ನ ದಾಟಲ್ಲ.” ಬಾಲ ಮತ್ತೆ ಎಡಕ್ಕೆ.

“ತಡ್ಕೋ ಮಗನೆ,” ಎಂದು ಪಿಸುಗುಟ್ಟಿದರು. “ಮನೆಗೆ ಹೋಗಿ ಸಮುದ್ರಾನೇ ಮಾಡುವಂತೆ.”

“ಏನಂದ್ರಿ?” ಎಂದಳು ವಾಲ್ಟರನ ಹೆಂಡತಿ.

“ಪ್ರಾರ್ಥನೆಯಮ್ಮ.”

ಟ್ರಾಡ್ ಬೀದಿ ಬಂತು. ಎರಡು ಬದಿಯ ಗೋಡೆಗಳ ನಡುವೆ ಗಾಡಿಯೊಂದು ನುಸುಳುವಷ್ಟು ಜಾಗ. ಆ ಜಾಗದ ನಡುವೆ ಸಾಮಾನು ಇಳಿಸುವ ವ್ಯಾನು ನಿಂತಿತ್ತು. ಇಬ್ಬರು ಆಳುಗಳು ಅದರಿಂದ ಪಿಯಾನೋ ಇಳಿಸುತ್ತಿದ್ದರು. ಅವಸರವೇ ಇಲ್ಲದ ಪಿಯಾನೋ.

ಬಿಷಪ್ ನಿಂತ. ಕಾಲು ಅಗಲಿಸಿದ. ಕಣ್ಣು ಅರೆಮುಚ್ಚಿದ. ಆಮೇಲೆ ಊರಿನ ಅತ್ಯಂತ ಮರ್ಯಾದಸ್ಥ ಬಾಗಿಲಿನೆದುರು, ಕೆರೆ ಕೋಡಿ ಬಿದ್ದ ಹಾಗೆ, ತಡೆದು ತಡೆದು ಕೂಡಿಟ್ಟಿದ್ದೆಲ್ಲವನ್ನೂ ಬಿಟ್ಟ. ಕಲ್ಲುಹಾಸಿನ ಸಂದಿಸಂದಿಯಲ್ಲಿ ಕಾಲುವೆ ಹರಿಯಿತು. ಪಿಯಾನೋ ಹಿಡಿದವರು ಅದನ್ನು ಇನ್ನೊಂದಿಷ್ಟು ಮೇಲಕ್ಕೆತ್ತಿ ಹಿಡಿದರು.

ಸೈಕಲ್ಲಿನ ಸದ್ದು ನಿಂತಿತು.

ಲೂಥರ್ ಜೇಬಿನಿಂದ ಪೆನ್ನು ತೆಗೆದ. ಪಿಯಾನೋ ಒಳಗೆ ಹೋಯಿತು, ವ್ಯಾನು ಹೊರಟಿತು, ದಾರಿ ತೆರೆಯಿತು. ಹಿಂದೆ ಕಾರೊಂದು ಹಾರನ್ ಹೊಡೆಯಿತು. ಇನ್ನು ಗಾಡಿ ಹೊರಡಲೇಬೇಕು. ಚಕ್ರ ಉರುಳಿದರೆ ತಪ್ಪು ಮೂರು.

ಲವೀನಿಯಾ ಪೀಠದ ಕೆಳಗಿನ ಪೆಟ್ಟಿಗೆ ಎಳೆದರು. ಮುಚ್ಚಳ ತೆಗೆದರು. ನೇರಳೆ ಬಣ್ಣದ ಟೋಪಿ: ಮೊರದಗಲದ ಅಂಚು, ಬಲೆಯ ಮುಸುಕು, ಮೂರು ಉಷ್ಟ್ರಪಕ್ಷಿಯ ಗರಿ. ಚಳಿಗಾಲವಿಡೀ ಆಸೆಪಟ್ಟು ಮಾಡಿಸಿದ್ದು. ಒಂದು ಗಳಿಗೆ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಗಾಳಿಗೆ ಹಾರದಿರಲೆಂದು ತಮ್ಮ ಎಡಗಾಲಿನ ಬೂಟು ಬಿಚ್ಚಿ ಅದರೊಳಗಿಟ್ಟು, ಕೈ ಚಾಚಿ ಕೆರೆಯ ನಡುವಿಗೆ ಇಳಿಬಿಟ್ಟರು.

“ಟ್ರಾಡ್ ಬೀದಿ,” ಎಂದರು ವೈರ್‌ಲೆಸ್ಸಿನಲ್ಲಿ. “ನೀಲಿ ಬಾಗಿಲಿನ ಮನೆ ಮುಂದೆ. ಗುರುತು, ಟೋಪಿ.”

“ಏನು?” ಎಂದಿತು ಲಾರಿಯವನ ದನಿ.

“ಟೋಪಿ ಕಣಯ್ಯಾ. ಗರಿ ಇದೆ.”

ಲೂಥರ್ ಸೈಕಲ್ಲು ತಳ್ಳಿಕೊಂಡು ಬಂದ. ಟೋಪಿ ನೋಡಿದ, ಲವೀನಿಯಾರನ್ನು ನೋಡಿದ, ಮತ್ತೆ ಟೋಪಿ ನೋಡಿದ.

“ಇದು ಬಾವುಟ ಅಲ್ಲ, ಮಿಸ್ ಮಾನಿಗೋ.”

“ನಿಯಮ ಏನು ಹೇಳತ್ತೆ, ಬಾಯಿಪಾಠ ಒಪ್ಪಿಸು. ಕೀರ್ತನೆ ಒಪ್ಪಿಸ್ತಿದ್ದೆಯಲ್ಲ, ಹಂಗೆ.”

ಅವನಿಗೇ ಗೊತ್ತಿಲ್ಲದಂತೆ ಬೆನ್ನು ನೆಟ್ಟಗಾಯಿತು. “ಎದ್ದು ಕಾಣುವಂಥ ಗುರುತು ಹಾಕತಕ್ಕದ್ದು.”

“ಕಾಣತ್ತೋ ಇಲ್ವೋ?”

ಲೂಥರ್ ಸೈಕಲ್ಲು ಹತ್ತಿ ಬೀದಿಯ ತುದಿಯವರೆಗೆ ಹೋದ. ಅಲ್ಲಿಂದ ತಿರುಗಿ ನಿಂತು ಕಣ್ಣಿಗೆ ಕೈಮರೆ ಮಾಡಿದ. ಹಿಂದಿನ ಕಾರಿನವನು ಹಾರನ್ ಒತ್ತಿ ಹಿಡಿದ. ಗಾಡಿಯಲ್ಲಿ ವಾಲ್ಟರ್ ಖಾಲಿ ಲೋಟ ಎದೆಗೊತ್ತಿಕೊಂಡು ಕೂತಿದ್ದ. ಲೂಥರ್ ನೋಡಿದ, ಇನ್ನೂ ನೋಡಿದ. ಆಮೇಲೆ ಪೆನ್ನು ಜೇಬಿಗೆ ಹೋಯಿತು.

“ಕಾಣತ್ತೆ,” ಎಂದು ವಾಪಸು ಬಂದು ಹೇಳಿದ. “ಆದ್ರೆ ಲಾರಿ ಬರೋ ತನಕ ಗುರುತು ತೆಗೆಯೋ ಹಾಗಿಲ್ಲ. ನೀವು ಹೊರಡಿ.”

ಲವೀನಿಯಾ ಹಿಂದಿರುಗಿ ನೋಡದೆ ಹೊರಟರು. ನೋಡಿದವನು ವಾಲ್ಟರ್. ತಪಾಸಣೆಯ ಮನುಷ್ಯ ತನ್ನ ಸೈಕಲ್ಲನ್ನು ರಸ್ತೆಗಡ್ಡ ನಿಲ್ಲಿಸಿ, ಕಾರಿನವನ ಬೈಗುಳ ತಿನ್ನುತ್ತ ಟೋಪಿಗೆ ಕಾವಲು ನಿಂತಿದ್ದನಂತೆ.

ಭಾನುವಾರ ಬೆಳಿಗ್ಗೆ ಲವೀನಿಯಾರ ಬಾಗಿಲ ಬಳಿ ಟೋಪಿಯೂ ಬೂಟೂ ಇದ್ದವು. ಗರಿ ಮೂರರಲ್ಲಿ ಒಂದು ಸತ್ತಿತ್ತು, ಎರಡು ಕಾಯಿಲೆ ಬಿದ್ದಿದ್ದವು. ಬಣ್ಣ ಅಲ್ಲಲ್ಲಿ ಬಿಟ್ಟಿತ್ತು. ಅವರು ಅದನ್ನೇ ಹಾಕಿಕೊಂಡು ಹೋದರು.

ಚರ್ಚಿನ ಬಾಗಿಲಲ್ಲಿ ಐಡೆಲ್ಲಾ ಮೇಲಿಂದ ಕೆಳಗೆ ನೋಡಿದರು. ಮಾರುಕಟ್ಟೆಗೆ ಸುದ್ದಿ ಬಾರದೆ ಇದ್ದೀತೇ.

“ಕನ್ನಡಕ ಮರೆತು ಬಂದೆ. ಪರ್ವಾಗಿಲ್ಲ, ಬೇಕಾಗಲಿಲ್ಲ. ಏನೇ ಇದು, ನಿಂಬೆ ವಾಸನೆ?”

“ಹೊಸ ಅತ್ತರು. ನಿನ್ನ ಬುಟ್ಟಿ ಮಾರಿದ್ರೂ ಸಿಗಲ್ಲ.”

ಬಿಳಿ ಕೈಗವಸು ತೊಟ್ಟು, ಬಂದವರನ್ನು ಕೂರಿಸುವ ಕೆಲಸ ಅಂದು ಲೂಥರನದು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತೋಳು ಚಾಚಿ, ಐಡೆಲ್ಲಾರನ್ನೂ ದಾಟಿಕೊಂಡು, ಲವೀನಿಯಾರನ್ನು ನೇರ ಮೊದಲ ಸಾಲಿಗೆ ಕರೆದೊಯ್ದ.

“ಇಲ್ಲೇ ಕೂತ್ಕೊಳ್ಳಿ, ಸಿಸ್ಟರ್. ಎದ್ದು ಕಾಣಬೇಕಲ್ಲ.”