ಬಲಬದಿಯ ಅಭ್ಯಾಸ

ನನ್ನ ಗಂಡ ಮಲೇಷ್ಯಾದ ಕ್ಲಾಂಗ್ ಹತ್ತಿರದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆಯ ಪಾಠ ಹೇಳುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮೂಲವ್ಯಾಧಿಯ ಬಗ್ಗೆ ಅವರು ಬರೆದ ಪ್ರಬಂಧವೊಂದನ್ನು ಪ್ಯಾರಿಸ್ಸಿನ ಸಮ್ಮೇಳನದವರು ಮೆಚ್ಚಿ ಕರೆ ಕಳಿಸಿದರು. ಆ ವಿಷಯಕ್ಕೂ ಆ ಊರಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಆದರೆ ಸಮ್ಮೇಳನ ಮುಗಿದ ಮೇಲೆ ಕಾರು ಬಾಡಿಗೆಗೆ ತೆಗೆದುಕೊಂಡು, ಫ್ರಾನ್ಸಿನ ನಾರ್ಮಂಡಿಯಿಂದ ಬ್ರಿಟನಿಯವರೆಗೆ ಕಡಲ ದಂಡೆಯಲ್ಲೇ ನಾಲ್ಕು ದಿನ ತಿರುಗೋಣ, ಮಗಳನ್ನೂ ಕರೆದುಕೊಂಡು ಹೋಗೋಣ ಎಂದಾಗ ಸುಮ್ಮನಿರಲು ಆಗಲಿಲ್ಲ.

"ಸಮುದ್ರ ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ನಾವಿಬ್ರೂ ಹುಟ್ಟಿದ್ದೇ ಸಮುದ್ರದ ಬದಿಯಲ್ಲಿ. ಇಲ್ಲಿ ಸ್ವಲ್ಪ ಮುಂದೆ ಹೋದ್ರೆ ಬಂದರು ಉಂಟು."

"ಅದು ಸಮುದ್ರ ಮಾರಾಯ್ತಿ. ಇದು ಕೋಸ್ಟ್," ಎಂದರು.

ಅಂದಿನಿಂದ ನಮ್ಮ ಊಟದ ಮೇಜು ಫ್ರಾನ್ಸ್ ಆಯಿತು. ದೊಡ್ಡ ನಕ್ಷೆ ಹರಡಿ, ಮೂಲೆ ಮಡಚದಂತೆ ನಾಲ್ಕೂ ಕಡೆ ಸ್ಟೀಲ್ ಲೋಟ ಇಟ್ಟರು. ನಾವು ಅಡುಗೆಮನೆಯಲ್ಲಿ ನಿಂತುಕೊಂಡು ಉಣ್ಣತೊಡಗಿದೆವು. ಬಂಡೆಗೆ ಅರ್ಧ ಗಂಟೆ, ಇಗರ್ಜಿಗೆ ಕಾಲು ಗಂಟೆ, ಸೂರ್ಯಾಸ್ತಕ್ಕೆ ಆಕಾಶ ನೋಡಿಕೊಂಡು ಎಂದು ಸಮಯದ ಹಂಚಿಕೆ ನಡೆಯಿತು. ಆಪರೇಷನ್ ಥಿಯೇಟರಿಗೆ ರೋಗಿಗಳನ್ನು ಸರದಿ ಹಾಕುವ ರೀತಿಯಲ್ಲೇ ಅವರು ಊರುಗಳನ್ನು ಸರದಿ ಹಾಕಿದರು.

ಭಾನುವಾರ ನೀರ್ದೋಸೆಗೆ ಬಂದ ಗೆಳೆಯರೊಬ್ಬರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಅವರು ಭಟ್ಕಳದವರು, ಎಂಜಿನಿಯರ್. ಆಗಷ್ಟೇ ಏಳುತ್ತಿದ್ದ ಹೊಸ ಆಡಳಿತ ನಗರ ಪುತ್ರಜಯಾದಲ್ಲಿ ರಸ್ತೆ ಹಾಕಿಸುವುದು ಅವರ ಕೆಲಸ.

"ಡಾಕ್ಟ್ರೇ, ಅಲ್ಲಿ ರಸ್ತೆಯ ಬಲಗಡೆ ಓಡಿಸ್ಬೇಕು. ಗೊತ್ತುಂಟಲ್ಲ?"

"ಗೊತ್ತುಂಟು, ಗೊತ್ತುಂಟು," ಎಂದರು ನನ್ನ ಗಂಡ. ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಿದಾಗ ಅವರಿಗೆ ಬರುವ ಸ್ವರ ಅದು.

ಮರುದಿನ ಕಾಲೇಜಿನಿಂದ ಬಂದವರೇ ನನ್ನ ಗಂಡ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕೈಯಲ್ಲಿ ಅನ್ನದ ಪಾತ್ರೆಯ ಮುಚ್ಚಳ, ಅದು ಸ್ಟೀರಿಂಗ್. ಬಲಕ್ಕೆ ಬಕೆಟ್ಟಿನಲ್ಲಿ ನಿಲ್ಲಿಸಿದ ಕೊಡೆ, ಅದು ಗೇರು. ಅಲ್ಲಿನ ಕಾರುಗಳಲ್ಲಿ ಸ್ಟೀರಿಂಗ್ ಎಡಕ್ಕಿರುವುದರಿಂದ ಗೇರನ್ನು ಬಲಗೈಯಲ್ಲಿ ಹಾಕಬೇಕಂತೆ. ಹತ್ತು ವರ್ಷದ ಮಗಳು ಪಕ್ಕದ ಕುರ್ಚಿಯಲ್ಲಿ ಕೂತು, "ಸ್ಲೋ ಡೌನ್ ಲಾ, ಅಪ್ಪಾ! ಕೌ ಕ್ರಾಸಿಂಗ್!" ಎನ್ನುತ್ತಿದ್ದಳು.

ಇದನ್ನು ಕೇಳಿ, ಕೊಡೆಯಿಂದ ಕಲಿಯುವುದು ಇಷ್ಟೇ ಎಂದು ಆ ಎಂಜಿನಿಯರ್ ಗೆಳೆಯರಿಗೂ ಅನ್ನಿಸಿರಬೇಕು. "ನಮ್ಮ ರಸ್ತೆಗೆ ಬನ್ನಿ. ಡಾಂಬರು ಆಗಿದೆ, ವಾಹನ ಇನ್ನೂ ಬಿಟ್ಟಿಲ್ಲ. ಎಡವೋ ಬಲವೋ ಕೇಳುವವ್ರು ಯಾರೂ ಇಲ್ಲ," ಎಂದು ಕರೆದರು.

ಮುಂದಿನ ಭಾನುವಾರ ಬೆಳಿಗ್ಗೆ ಹೋದೆವು. ತಾಳೆ ತೋಟಗಳನ್ನು ಬೋಳಿಸಿ ಕೆಂಪು ಮಣ್ಣಿನ ನಡುವೆ ಎಳೆದ ರಸ್ತೆಗಳವು. ಅಷ್ಟು ಅಗಲದ ರಸ್ತೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ದೀಪದ ಕಂಬಗಳಿದ್ದವು, ವೃತ್ತಗಳಿದ್ದವು, ಮನುಷ್ಯರು ಮಾತ್ರ ಇನ್ನೂ ಬಂದಿರಲಿಲ್ಲ. ಗೆಳೆಯರು ಗೇಟಿನ ಕಾವಲುಗಾರನಿಗೆ ಮಲಯ್ ಭಾಷೆಯಲ್ಲಿ ಏನೋ ವಿವರಿಸಿದರು. ಆತ ನಮ್ಮನ್ನು ಕನಿಕರದಿಂದ ನೋಡಿ ಒಳಗೆ ಬಿಟ್ಟ.

ನಮ್ಮ ಕಾರಿನ ಸ್ಟೀರಿಂಗ್ ಇದ್ದಲ್ಲೇ ಇತ್ತು. ರಸ್ತೆಯ ಬದಿಯೊಂದನ್ನೇ ಬದಲಿಸಿಕೊಂಡು ನನ್ನ ಗಂಡ ಬಲಗಡೆ ಹೊರಟರು. ಮೊದಮೊದಲು ಅಂಜಿಕೆ, ಆಮೇಲೆ ಹುಮ್ಮಸ್ಸು. ವೃತ್ತವನ್ನು ಉಲ್ಟಾ ಸುತ್ತಿದರು. ಇನ್ನೊಮ್ಮೆ ಸುತ್ತಿದರು. ಕಿಟಕಿಯಿಂದ ಮೊಣಕೈ ಹೊರಗಿಟ್ಟರು. ಗೆಳೆಯರು ರಸ್ತೆ ನಡುವೆ ನಿಂತು ಚಪ್ಪಾಳೆ ತಟ್ಟಿದರು. ಎದುರಿಗೆ ಒಂದೂ ವಾಹನವಿಲ್ಲದ ಕಡೆ ಅವರಷ್ಟು ಚೆನ್ನಾಗಿ ಓಡಿಸುವವರು ಸಿಗುವುದು ಕಷ್ಟವೇ.

ಅಭ್ಯಾಸ ಮುಗಿಸಿ, ಗೆಳೆಯರಿಗೆ ಕೈಬೀಸಿ, ಗೇಟು ದಾಟಿ ನಿಜವಾದ ರಸ್ತೆಗೆ ಬಂದೆವು. ನನ್ನ ಗಂಡ ಅದೇ ಹುಮ್ಮಸ್ಸಿನಲ್ಲಿ ಬಲಬದಿಯಲ್ಲೇ ಹೋದರು. ನಾನು ಮಗಳಿಗೆ ಬಿಸ್ಕತ್ತು ಕೊಡಲು ಹಿಂದಕ್ಕೆ ತಿರುಗಿದ್ದೆ. "ಅಪ್ಪಾ, ರಾಂಗ್ ಸೈಡ್!" ಎಂದು ಅವಳು ಕಿರುಚಿದಾಗ ಎದುರಿಗೆ ಮರಳಿನ ಲಾರಿ. ಅದರ ಹಾರ್ನು ನನ್ನ ಎದೆಯೊಳಗೇ ಮೊಳಗಿದ ಹಾಗಾಯಿತು. ಲಾರಿ ನಿಂತಿತು, ನಾವೂ ನಿಂತೆವು. ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ಜಾಗವಿತ್ತು.

ಡ್ರೈವರು ತಮಿಳರು. ಕಿಟಕಿಯಿಂದ ತಲೆ ಹಾಕಿ, ಬೈಯದೆಯೇ, "ಎನ್ನ ಸಾರ್, ತೂಕ್ಕಮಾ?" ಎಂದು ಕೇಳಿದರು. ನಿದ್ದೆಯೇ ಎಂದು.

ನನ್ನ ಗಂಡ ಹೌದೆಂದು ತಲೆಯಾಡಿಸಿದರು. ಫ್ರಾನ್ಸ್ ಎಂದು ಹೇಳುವುದಕ್ಕಿಂತ ಅದೇ ಸುಲಭವಿತ್ತು.

ಕಾರನ್ನು ಎಡಕ್ಕೆ ತಂದು ನಿಲ್ಲಿಸಿ ಅವರು ಕೆಳಗಿಳಿದರು. ಕಾರಿನ ಕೀಯನ್ನು ನನ್ನತ್ತ ಚಾಚಿದರು. ದಿನವೂ ಜನರ ಮೈ ಕೊಯ್ಯುವ ಆ ಕೈ ತಾನಾಗಿ ಸ್ಟೀರಿಂಗ್ ಬಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮನೆಯವರೆಗೆ ನಾನೇ ಓಡಿಸಿದೆ. ಮನೆಗೆ ಬಂದವರೇ ಅವರು ಮೇಜಿನ ಮೇಲಿನ ಲೋಟಗಳನ್ನು ಒಂದೊಂದಾಗಿ ತೆಗೆದು ನಕ್ಷೆ ಮಡಚಿದರು.

"ಪ್ಯಾರಿಸ್ಸಲ್ಲೇ ಇರುವ. ಮ್ಯೂಸಿಯಂ ಉಂಟಲ್ಲ," ಎಂದರು.

ನನಗೆ ಸಮಾಧಾನ ಆಗಬೇಕಿತ್ತು. ಬೇಡ ಬೇಡ ಎಂದು ಅಷ್ಟು ದಿನ ಗೊಣಗಿದವಳು ನಾನೇ. ಆದರೆ ಮಡಚಿಟ್ಟ ನಕ್ಷೆಯನ್ನು ಬರಿದಾದ ಮೇಜಿನ ಮೇಲೆ ಮತ್ತೆ ಬಿಚ್ಚಿದೆ. ಅಡುಗೆಮನೆಗೆ ಹೋಗುವಾಗ ಬರುವಾಗ ಆ ಊರುಗಳ ಹೆಸರು ಓದಿ ಓದಿ, ಉಚ್ಚಾರ ಗೊತ್ತಿಲ್ಲದೆಯೂ, ಅವು ನನ್ನವಾಗಿಬಿಟ್ಟಿದ್ದವು.

"ನಾನು ಓಡಿಸ್ತೇನೆ," ಎಂದೆ.

"ನೀನಾ?"

"ನಾನೇ. ನಂಗೆ ಹುಮ್ಮಸ್ಸು ಕಡಿಮೆ. ಅದೇ ಒಳ್ಳೆದು."

ನಂತರದ ಭಾನುವಾರಗಳಲ್ಲಿ ನಾನು ಅದೇ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಕೂತು ನನ್ನ ಗಂಡ ಪಾಠ ಹೇಳಿದರು. ತಮಗೆ ಬಾರದ ವಿದ್ಯೆಯನ್ನು ಅಷ್ಟು ಅಧಿಕಾರದಿಂದ ಕಲಿಸುವುದು ಮೇಷ್ಟರಿಂದ ಮಾತ್ರ ಸಾಧ್ಯ. ಗೆಳೆಯರು ಗೇಟಿನ ಬಳಿ ನಿಂತು, "ಅಕ್ಕ, ಇಲ್ಲಿಂದ ಮಲೇಷ್ಯಾ! ಎಡಕ್ಕೆ!" ಎಂದು ಕೂಗುತ್ತಿದ್ದರು.

ಫ್ರಾನ್ಸಿನಲ್ಲಿ ಓಡಿಸುವುದು ಹೆದರಿದಷ್ಟು ಕಷ್ಟವಾಗಲಿಲ್ಲ. ಮುಂದಿನ ಕಾರು ಎತ್ತ ಹೋಗುತ್ತದೋ ಅತ್ತ ಹೋದರೆ ಸಾಕಾಗಿತ್ತು. ಗೇರು ಹಾಕಬೇಕಾದಾಗ ಎಡಗೈ ಎಷ್ಟೋ ಸಲ ಬಾಗಿಲಿಗೆ ಬಡಿಯಿತು, ಅಷ್ಟೆ. ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕನ್ನು ತುಳಿದು ತುಳಿದು ನನ್ನ ಗಂಡನಿಗೆ ಕಾಲುನೋವು ಬಂತು. ಬಂಡೆಗಳನ್ನೂ ಇಗರ್ಜಿಗಳನ್ನೂ ಹೇಳಿದ ಹೊತ್ತಿಗೆ ನೋಡಿ ಮುಗಿಸಿದೆವು.

ಮೂರನೆಯ ದಿನ, ಇಡೀ ಪ್ರವಾಸದ ಮುಖ್ಯ ತಾಣವೆಂದು ಅವರು ಆರಿಸಿದ್ದ ಕೊಲ್ಲಿಗೆ ಬಂದು, ಕಾರು ನಿಲ್ಲಿಸಿ, ದಿಬ್ಬ ಹತ್ತಿದೆವು. ಕಣ್ಣು ಹರಿದಷ್ಟು ದೂರ ಕೆಸರು ಮತ್ತು ಮರಳು.

"ಅಮ್ಮಾ, ವೇರ್ ಇಸ್ ದ ಸೀ?" ಎಂದಳು ಮಗಳು.

ಇಳಿತದ ಹೊತ್ತು. ಅಲ್ಲಿ ಸಮುದ್ರ ಮೈಲಿಗಟ್ಟಲೆ ಹಿಂದಕ್ಕೆ ಹೋಗುತ್ತದಂತೆ. ಉಬ್ಬರ ಇಳಿತ ನೋಡಿಯೇ ದೋಣಿ ಇಳಿಸುವ ಊರಿನಿಂದ ಬಂದ ನಾವಿಬ್ಬರು, ತಿಂಗಳುಗಟ್ಟಲೆ ಯೋಜನೆ ಹಾಕಿ, ಅದೊಂದನ್ನು ಮಾತ್ರ ವಿಚಾರಿಸಿರಲಿಲ್ಲ. ನಾನು ನಗಲು ಶುರುಮಾಡಿದೆ. ಸ್ವಲ್ಪ ಹೊತ್ತು ಬಿಗಿದುಕೊಂಡಿದ್ದ ಅವರೂ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು.

ಕಾರಿನಲ್ಲಿ ಕೂತು ಚಪಾತಿಯಲ್ಲಿ ಉಪ್ಪಿನಕಾಯಿ ಸುತ್ತಿಕೊಂಡು ತಿಂದೆವು. ನೀರು ಬರುವವರೆಗೆ ಕಾಯಲೆಂದು, ಮುಂದಿನ ಊರಿಗೆ ಇಟ್ಟ ಹೊತ್ತನ್ನು ಅವರೇ ಬಿಟ್ಟುಕೊಟ್ಟರು. ಸಂಜೆಯ ಹೊತ್ತಿಗೆ ದೂರದಲ್ಲಿ ಬಿಳಿ ಗೆರೆ ಕಾಣಿಸಿತು. ನೋಡುತ್ತಿದ್ದಂತೆ ನೀರು ಅವಸರವಿಲ್ಲದೆ ಮರಳಿನ ಓಣಿಗಳನ್ನು ತುಂಬುತ್ತ ಬಂತು. ಮಗಳು ಬೂಟು ಬಿಚ್ಚಿ ಓಡಿದಳು. ಅವಳನ್ನು ಹಿಡಿಯಲು ಅವರು ಓಡಿದರು, ಪ್ಯಾಂಟು ಮಡಚಲೂ ನೆನಪಿಲ್ಲದೆ.