ಮೆಟ್ಟಿಲ ಕೆಳಗೆ ಮಾಗಿದ ಬಿಯರು

ಪರದೆ ಹೊಲಿಯುವ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಗಟ್ಟಿಗಿತ್ತಿ ಎಂದೇ ಕರೆಯುತ್ತಿದ್ದರು. ಹಿಡಿದ ಪಟ್ಟು ಬಿಡುವ ಜಾಯಮಾನವಲ್ಲ. ಮನೆಯಲ್ಲಿ ಅವಳಿಗೆ ಸರಿಸಾಟಿ ಎಂದರೆ ಮಾವ ಒಬ್ಬರೇ. ಬಿಯರ್ ಕಾರ್ಖಾನೆಯ ಲಾರಿ ಓಡಿಸಿಯೇ ತಲೆ ನರೆಸಿಕೊಂಡವರು. ಬಿಯರಿನ ವಿಷಯಕ್ಕೆ ಬಂದರೆ ಅವರ ಮಾತೇ ಕೊನೆಯ ಮಾತು.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅವಳು ಕಂಬಳಿ ಹುಡುಕುತ್ತಿದ್ದಾಗ, ಯಾವಾಗಲೋ ಮರೆತಿದ್ದ ಸ್ಟೌಟ್ ಬಾಟಲಿಯೊಂದು ಕೈಗೆ ಸಿಕ್ಕಿತು. ಗಂಡ ಅಂಜುತ್ತಲೇ ಮುಚ್ಚಳ ತೆಗೆದ. ಕೊಂಡ ಹೊಸದರಲ್ಲಿ ಗಂಟಲು ಕೆರೆದಿದ್ದ ಆ ಕಪ್ಪು ಬಿಯರು ಈಗ ಒಣದ್ರಾಕ್ಷಿ, ಚಾಕೊಲೇಟು ಬೆರೆಸಿದಂತೆ ನಯವಾಗಿ ಇಳಿಯಿತು. ಅಂದೇ ಅವಳ ತಲೆಗೆ ಹುಳ ಹೊಕ್ಕಿತು. ಒಂದು ಮಾಗಿದರೆ ಉಳಿದವೂ ಏಕೆ ಮಾಗಬಾರದು?

ಮಾವ ಮೂಗು ಮುರಿದರು. "ಬಿಯರ್ ಅಂದ್ರೆ ಬ್ರೆಡ್ ಇದ್ದ ಹಾಗಮ್ಮ. ತಂದಾಗಲೇ ಮುಗಿಸ್ಬೇಕು. ಕೂಡಿಟ್ರೆ ಚರಂಡಿ ಪಾಲು."

ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಯರ್ ಅಂಗಡಿಯಲ್ಲಿ ಇಷ್ಟವಾದದ್ದನ್ನೆಲ್ಲ ತಂದು ಗೂಡಿನ ಕತ್ತಲಲ್ಲಿ ನೆಟ್ಟಗೆ ನಿಲ್ಲಿಸಿ ಒಂದು ವರ್ಷ ಕಾದಳು. ತೆಗೆದು ನೋಡಿದರೆ ಮಾವನ ಶಾಪವೇ ತಟ್ಟಿದಂತಿತ್ತು. ಹಾಪ್ ಹೂವಿನ ಘಮಕ್ಕೆ ಹೆಸರಾದ ಕಹಿ ಬಿಯರು ನೆನೆದ ರಟ್ಟಿನಂತೆ ನಾರುತ್ತಿತ್ತು. ಗೋಧಿಯದು ಸಪ್ಪೆ. ತಿಳಿ ಹಳದಿಯದರಲ್ಲಿ ಜೀವವೇ ಇರಲಿಲ್ಲ. ಒಂದೊಂದಾಗಿ ಸಿಂಕಿಗೆ ಸುರಿಯುವಾಗ ಮಾವ ಬಾಗಿಲಿಗೆ ಒರಗಿ ನಿಂತು ಮೀಸೆಯಡಿ ನಗುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯಿತು.

ಆದರೆ ಎಲ್ಲವೂ ಕೆಟ್ಟಿರಲಿಲ್ಲ. ಹುಳಿ ಬಿಯರಿಗೆ ಇನ್ನಷ್ಟು ರುಚಿಯೇರಿತ್ತು, ಬಾರ್ಲಿ ವೈನಿನ ಖಾರ ತಗ್ಗಿತ್ತು. ಹೆಸರಿಗೆ ವೈನಾದರೂ ಅದು ಬಿಯರೇ, ಒಂದು ಲೋಟಕ್ಕೇ ಕಿವಿ ಬಿಸಿಯಾಗುವಷ್ಟು ಕಡಕ್ಕು. ಹೊಲಿಗೆ ಯಂತ್ರದ ಮುಂದೆ ಕೂತು ಅವಳು ಇದನ್ನೇ ಮೆಲುಕು ಹಾಕಿದಳು. ಘಮವನ್ನೇ ನಂಬಿದ ಬಿಯರು ಘಮ ಹೋದೊಡನೆ ಅನಾಥ. ಮದ್ಯದ ಬಲವೋ ಹುಳಿಯೋ ಒಳಗಿದ್ದರೆ ಮಾತ್ರ ಕಾಲದ ಜೊತೆ ಕುಸ್ತಿಗೆ ನಿಲ್ಲುತ್ತದೆ. ಅಂದಿನಿಂದ ಕಹಿಯದು, ಗೋಧಿಯದು, ತಿಳಿಯದು ತಂದ ವಾರವೇ ಖಾಲಿ. ಗೂಡಿನಲ್ಲಿ ಉಳಿದದ್ದು ಕಡಕ್ಕು, ಕಪ್ಪು, ಹುಳಿ. ಕಾಫಿ ಬೆರೆಸಿದ ಸ್ಟೌಟ್ ಕೂಡ ಒಮ್ಮೆ ಕೈಕೊಟ್ಟಿತು. ಕಾಫಿಯ ವಾಸನೆ ಹೋಗಿ ಕಷಾಯವಷ್ಟೇ ಉಳಿದಿತ್ತು. ಅದನ್ನೂ ಕೈಬಿಟ್ಟಳು.

ವರ್ಷಗಳು ಉರುಳಿದವು. ಮಾವನ ಹುಟ್ಟುಹಬ್ಬದ ಊಟಕ್ಕೆ, ಕಾರ್ಖಾನೆಯಲ್ಲಿ ಜೀವಮಾನವಿಡೀ ಬಿಯರಿನ ರುಚಿ ನೋಡುತ್ತಿದ್ದ ಅಜ್ಜಿಯೊಬ್ಬರು ಬಂದರು. ಆ ಅಜ್ಜಿಯ ನಾಲಿಗೆ ಎಂದರೆ ಮಾವನಿಗೆ ದೇವರ ವಾಕ್ಯ. ಊಟ ಮುಗಿಯುತ್ತಿದ್ದಂತೆ ಮಾವ ತಾವೇ ಕೆಣಕಿದರು: "ನಿನ್ನ ಹಳೇದನ್ನ ತಾಮ್ಮ. ಇವರೇ ತೀರ್ಮಾನ ಹೇಳ್ಲಿ."

ಅವಳು ಬಾರ್ಲಿ ವೈನನ್ನೇ ತಂದಳು: ಮೊನ್ನೆ ಕೊಂಡದ್ದು ಒಂದು ಲೋಟ, ಅದೇ ಕಂಪನಿಯ ಹಳೆಯದು ಇನ್ನೊಂದು ಲೋಟ. ಅಜ್ಜಿ ಹೊಸದನ್ನು ಗುಟುಕರಿಸಿ ತಲೆದೂಗಿದರು. ಹಳೆಯದನ್ನು ಮೂಸಿ, ಗುಟುಕರಿಸಿ ಕಣ್ಣು ಮುಚ್ಚಿದರು.

"ಹೊಸದು ಒಳ್ಳೇದೇ," ಎಂದರು ಅಜ್ಜಿ ಕೊನೆಗೆ. "ಆದ್ರೆ ಇದಕ್ಕೆ ಬುದ್ಧಿ ಬಂದಿದೆ. ಇಂಥದ್ದನ್ನ ಕುಡಿದು ಎಷ್ಟು ಕಾಲ ಆಯ್ತೋ. ಇನ್ನೊಂದು ಚೂರು ಹಾಕು ಮಗಳೇ."

ಮಾವ ಎರಡೂ ಲೋಟಗಳಿಂದ ಕುಡಿದರು. ಹೊಸದು ಅರ್ಧಕ್ಕೇ ನಿಂತಿತು, ಹಳೆಯದರ ತಳ ಕಂಡಿತು. ಮೀಸೆ ಒರೆಸಿಕೊಂಡು ಸೊಸೆಯ ಮುಖ ನೋಡಿದರು.

"ಸೋತೆ ಕಣಮ್ಮ," ಎಂದರು. "ಇಷ್ಟು ವರ್ಷ ಲಾರಿಲಿ ಸಾಗಿಸಿದ್ದೇ ಬಂತು."

ಅವಳು ಬಾಟಲಿಯಲ್ಲಿ ಉಳಿದದ್ದನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡು ಕುರ್ಚಿಯಲ್ಲಿ ಹಾಯಾಗಿ ಒರಗಿದಳು. ಪಾತ್ರೆ ತೊಳೆಯಲು ಗಂಡನೇ ಎದ್ದ.

ವಾರದ ಬಳಿಕ ಸಂಜೆ ಬಿಯರ್ ಅಂಗಡಿಗೆ ಹೋದರೆ ಕಪಾಟಿನ ಆಚೆ ಮಾವನ ದನಿ. ಯಾರೋ ಅಪರಿಚಿತನಿಗೆ ಗೋಧಿ ಬಿಯರನ್ನು ಈ ವಾರವೇ ಮುಗಿಸಬೇಕೆಂದೂ, ಕಡಕ್ಕಾದದ್ದನ್ನು ಒಲೆಯ ಬಿಸಿ ತಾಗದ ಕಡೆ ನೆಟ್ಟಗೆ ನಿಲ್ಲಿಸಬೇಕೆಂದೂ ಜೋರಾಗಿ ಬೋಧಿಸುತ್ತಿದ್ದರು. ಅನುಮಾನವಿದ್ದರೆ ಮನೆಗೆ ಬಂದು ತಮ್ಮ ಸೊಸೆಯನ್ನೇ ಕೇಳಬಹುದಂತೆ.

ಅವಳು ಸದ್ದಿಲ್ಲದೆ ನಗುತ್ತ ನಿಂತು, ಅವರ ಪಾಠ ಮುಗಿಯುವವರೆಗೂ ಕೇಳಿಸಿಕೊಂಡಳು.