ಸಂಜೆ ಆರಕ್ಕೆ ತಗ್ಗುವ ಬೆಳಕು

“ಕಂಪ್ಯೂಟರ್ ಮುಂದೆ ಕೂರೋದು ಬೇರೆ, ಅದಕ್ಕೇ ಬುದ್ಧಿ ಹೇಳೋದು ಬೇರೆ ಕಣಮ್ಮಾ. ಅದೆಲ್ಲಾ ನಮ್ಮಂಥೋರ ಕೈಲಿ ಆಗಲ್ಲ” ಎಂದು ನಾನು ಕಂಪ್ಯೂಟರ್ ಡಿಗ್ರಿಗೆ ಸೇರಿದಾಗ ಹೇಳಿದವರು ನನ್ನ ಸೋದರಮಾವ ಪುಟ್ಟಪ್ಪ. ಚಿಕ್ಕಪೇಟೆಯ ಗಲ್ಲಿಗಳಲ್ಲಿ ಸೀರೆಯ ಗಂಟು ಹೊತ್ತು ಹೊತ್ತು ಒಂದು ಕಡೆಗೆ ವಾಲಿಹೋದ ಹೆಗಲಿನ ಮಾತು ಅದು. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಹುಡುಗಿ ಎಲ್ಲಿ ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾಳೋ ಎಂಬ ಭಯವಿತ್ತು. ನನಗೆ ಮಾತ್ರ ಅದು ಪಂಥದ ಹಾಗೆ ಕೇಳಿಸಿತು. ನಮ್ಮ ಮನೆತನದಲ್ಲಿ ಡಿಗ್ರಿ ಓದಿದ ಮೊದಲನೆಯವಳು ನಾನು. ಈ ವಾಕ್ಯ ಬರೆಯುವಾಗ ಇವತ್ತಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನೀವು ನಕ್ಕರೂ ಬೇಜಾರಿಲ್ಲ.

ಚಾಮರಾಜಪೇಟೆಯ ವಠಾರವೊಂದರಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಸೀರೆಗೆ ಕುಚ್ಚು ಕಟ್ಟಿ ನನ್ನನ್ನು ಓದಿಸಿದಳು. ಸೆರಗಿನ ತುದಿಯಲ್ಲಿ ಜೋಲುವ ಎಳೆಗಳನ್ನು ಬಿಡಿಸಿ, ಎಣಿಸಿ, ಬಣ್ಣಕ್ಕೊಪ್ಪುವ ರೇಷ್ಮೆ ದಾರ ಸೇರಿಸಿ ಗಂಟು ಹಾಕುವ ಕೆಲಸ. ಅಂಗಡಿಯಿಂದ ಸೀರೆ ತರುವವರೂ ಮುಗಿದದ್ದನ್ನು ಒಯ್ಯುವವರೂ ಮಾವನೇ. ಹಗಲೆಲ್ಲ ಅಮ್ಮ ಕಿಟಕಿಯ ಬಳಿ ಇರುತ್ತಿದ್ದಳು. ಬಿಸಿಲು ಎದುರುಮನೆಯ ತಾರಸಿ ದಾಟಿದ ಮೇಲೆ ಚಾಪೆ ಎಳೆದುಕೊಂಡು ನನ್ನ ಪಕ್ಕಕ್ಕೆ ಬರುತ್ತಿದ್ದಳು. ಓದುವ ಮಗಳ ಪಕ್ಕ ಕೂರುವುದು ಅವಳಿಗೊಂದು ಸುಖ ಎಂದು ನಾನು ನಂಬಿದ್ದೆ. ನಮ್ಮ ಬಗ್ಗೆ ನಾವು ಎಷ್ಟು ಸಲೀಸಾಗಿ ಒಳ್ಳೆಯದನ್ನು ನಂಬಿಬಿಡುತ್ತೇವೆ, ನೋಡಿ!

ನನ್ನದು ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್. ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿಗಳೆರಡೂ ಸತ್ತಿದ್ದವು. ಕಣ್ಣಿಗೆ ರಾಚುವ ಆ ಬಿಳುಪಿನ ಮುಂದೆ ಕೂತೂ ಕೂತೂ ತಲೆನೋವು ಬರುತ್ತಿತ್ತು. ಪ್ರತಿಸಲ ಸೆಟ್ಟಿಂಗ್ಸ್ ಒಳಗೆ ಹೊಕ್ಕು ತಡಕಾಡುವ ಬದಲು ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆಯಬಾರದೇಕೆ ಎನ್ನಿಸಿ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಆರಿಸಿಕೊಂಡೆ. ಪರದೆಯ ಮೂಲೆಯಲ್ಲಿ ಅಂಗೈಯಷ್ಟು ಕಿಟಕಿ, ಅದರಲ್ಲೊಂದು ಗೆರೆ, ಗೆರೆಯ ಮೇಲೆ ಜಾರುವ ಒಂದು ಗುಂಡಿ. ಎಡಕ್ಕೆ ಎಳೆದರೆ ಚಂದ್ರ, ಬಲಕ್ಕೆ ಎಳೆದರೆ ಸೂರ್ಯ. ಮೊದಲ ದಿನ ಸೊನ್ನೆಗೆ ಎಳೆದು ಪರದೆಯನ್ನೇ ಕತ್ತಲು ಮಾಡಿಕೊಂಡು ಕುರುಡಿಯಂತೆ ತಡವರಿಸಿದೆ. ಆಮೇಲೆ ನೂರರಲ್ಲಿ ಹತ್ತಕ್ಕಿಂತ ಕೆಳಗೆ ಇಳಿಯದಂತೆ ಕಟ್ಟು ಹಾಕಿದೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಜಾಣತನ ನಿಲ್ಲಲು ಬಿಡಬೇಕಲ್ಲ! ಸಂಜೆ ಆರಾದೊಡನೆ ಬೆಳಕು ತಾನಾಗಿ ಇಪ್ಪತ್ತಕ್ಕೆ ತಗ್ಗುವಂತೆ ಇನ್ನೊಂದು ಸಾಲು ಬರೆದೆ.

“ಇದು ಕಣ್ಣಿಗೆ ಒಳ್ಳೇದಮ್ಮಾ” ಎಂದು ಅಮ್ಮನಿಗೆ ತೋರಿಸಿದೆ.

“ಹೌದಾ? ಒಳ್ಳೇದಾದ್ರೆ ಸರಿ ಬಿಡು” ಎಂದಳು.

ಪ್ರಾಜೆಕ್ಟ್ ವರದಿಯಲ್ಲಿ ಬಳಕೆದಾರರ ಅಭಿಪ್ರಾಯಕ್ಕೆಂದು ಒಂದು ಪುಟವಿತ್ತು. ‘ಮನೆಯವರೆಲ್ಲರಿಗೂ ಹಿತವಾಗಿದೆ’ ಎಂದು ಬರೆದೆ. ಮನೆಯವರೆಂದರೆ ನಾನು ಮತ್ತು ಅಮ್ಮ. ಅಮ್ಮನನ್ನು ನಾನು ಕೇಳಿರಲಿಲ್ಲ. ಪರೀಕ್ಷೆಗೆ ಬಂದ ಮೇಷ್ಟರು ಆ ಪುಟವನ್ನೇ ಬೆರಳಿಟ್ಟು ತೋರಿಸಿ, “ಬಳಸೋರನ್ನ ಕೇಳಿದೀಯಲ್ಲಮ್ಮ, ಭೇಷ್” ಎಂದರು. ನಾನು ತಲೆ ಬಾಗಿಸಿ ಭೇಷ್ ಅನ್ನು ಇಸಿದುಕೊಂಡೆ.

ಅದಾದ ವಾರಕ್ಕೆ ಮಾವ ಒಂದು ಮದುವೆ ಸೀರೆಯನ್ನು ವಾಪಸು ತಂದರು. ಕಡುಹಸಿರು ಸೆರಗಿನ ತುಂಬ ಕಡುನೀಲಿಯ ಕುಚ್ಚು.

“ಏನೇ ಗೌರೀ, ಹಸಿರು ನೀಲಿ ಎರಡೂ ಒಂದೇ ಆಗೋಯ್ತಾ ನಿಂಗೆ? ಹುಡುಗಿ ಕಡೆಯೋರು ಅಂಗ್ಡೀಲಿ ಕೂಗಾಡಿ ಹೋದ್ರು. ಭಾನುವಾರದೊಳಗೆ ಸರಿ ಮಾಡ್ಕೊಡ್ದಿದ್ರೆ ಇನ್ಮೇಲೆ ಮದುವೆ ಸೀರೆ ಕೊಡಲ್ವಂತೆ” ಎಂದು ಅಮ್ಮನ ಮೇಲೆ ರೇಗಿದರು.

“ನಾನು ಆಗಿಂದ ಬಡ್ಕೋತಿದೀನಿ, ಕನ್ನಡಕ ಮಾಡಿಸ್ಕೋ ಅಂತ. ಕಣ್ಣೇ ಕಾಣಲ್ಲ ನಿಂಗೆ” ಎಂದೆ ನಾನು, ಡಿಗ್ರಿಯ ಗತ್ತಿನಲ್ಲಿ.

“ವಯಸ್ಸಾಯ್ತಲ್ಲೇ” ಎಂದು ಅಮ್ಮ ನಕ್ಕಳು. ಗಂಟು ಕತ್ತರಿಸಿದರೆ ಎಳೆ ಗಿಡ್ಡವಾಗುತ್ತದೆ. ಒಂದೊಂದನ್ನೂ ಸೂಜಿಯ ಮೊನೆಯಲ್ಲಿ ಬಿಡಿಸಬೇಕು. ಬಂದು ನನ್ನ ಪಕ್ಕ ಕೂತಳು.

ಗಂಟೆ ಆರಾಯಿತು. ನಾನು ಬರೆದ ಸಾಲು ತನ್ನ ಕೆಲಸ ಮಾಡಿತು. ಪರದೆ ತಗ್ಗಿದ ಆ ಕ್ಷಣದಲ್ಲಿ ಅಮ್ಮನ ಕೈ ನಿಂತದ್ದು ಮೊದಲ ಬಾರಿಗೆ ನನ್ನ ಕಣ್ಣಿಗೆ ಬಿತ್ತು. ಅವಳು ಸದ್ದಿಲ್ಲದೆ ಸೀರೆ ಮಡಿಲಿಗೆ ಸುತ್ತಿಕೊಂಡು, ಚಾಪೆ ಎತ್ತಿಕೊಂಡು, ಹೊಸ್ತಿಲಾಚೆ ವಠಾರದ ಹಳದಿ ಬಲ್ಬಿನ ಕೆಳಗೆ ಹೋಗಿ ಕೂತಳು. ಒಂದು ತಿಂಗಳಿಂದ ದಿನವೂ ಹಾಗೇ ಎದ್ದುಹೋಗುತ್ತಿದ್ದಳು. ಅಕ್ಕಪಕ್ಕದವರ ಜೊತೆ ಹರಟೆಗೆ ಎಂದುಕೊಂಡಿದ್ದೆ. ನಮ್ಮ ಟ್ಯೂಬ್‌ಲೈಟ್ ಇರುವುದು ಬೆನ್ನ ಹಿಂದಿನ ಗೋಡೆಯಲ್ಲಿ. ಮಡಿಲ ಮೇಲೆ ಅವಳ ನೆರಳೇ ಬೀಳುತ್ತದೆ. ಇಷ್ಟು ವರ್ಷ ಅವಳು ಕೂರುತ್ತಿದ್ದುದು ನನ್ನ ಪಕ್ಕದಲ್ಲಲ್ಲ, ಬೆಳಕಿನ ಪಕ್ಕದಲ್ಲಿ. ಆ ಹಳದಿ ಬಲ್ಬಿನಡಿ ನೀಲಿಯೂ ಹಸಿರೂ ಯಾರ ಕಣ್ಣಿಗಾದರೂ ಒಂದೇ.

“ಯಾಕಮ್ಮಾ ಹೇಳ್ಲಿಲ್ಲ?”

“ಕಣ್ಣಿಗೆ ಒಳ್ಳೇದು ಅಂದ್ಯಲ್ಲೇ. ಓದೋಳು ನೀನು.”

ಆರು ಗಂಟೆಯ ಸಾಲನ್ನು ಅಳಿಸಿದೆ. ಗುಂಡಿಯನ್ನು ಸೂರ್ಯನ ಕಡೆಗೆ ಪೂರ್ತಿ ಎಳೆದು, ಖಾಲಿ ಬಿಳಿ ಹಾಳೆ ತೆರೆದು, ಮೂರು ಸಂಜೆ ಲ್ಯಾಪ್‌ಟಾಪನ್ನು ಅವಳ ಮಡಿಲಿಗೆ ವಾಲಿಸಿ ಹಿಡಿದೆ. ಸೀರೆ ಭಾನುವಾರದೊಳಗೆ ಹೋಯಿತು. ಆದರೂ ಬಹಳ ದಿನ ಮದುವೆ ಸೀರೆಗಳು ಬರಲಿಲ್ಲ. ಬರದ ಒಂದೊಂದು ಸೀರೆಯೂ ನನ್ನ ವರದಿಯ ಆ ಪುಟವನ್ನು ತೆರೆದು ತೋರಿಸುತ್ತಿತ್ತು. ಇಷ್ಟಾದರೂ ಅಮ್ಮ ಆ ಗುಂಡಿಯನ್ನು ಮುಟ್ಟಲಿಲ್ಲ, ಬೆಳಕು ಬೇಕೆಂದು ಬಾಯಿಬಿಟ್ಟು ಕೇಳಲೂ ಇಲ್ಲ. ನಾಚಿಕೆ ಎಂಬುದು ತಪ್ಪಿಗಿಂತ ನಿಧಾನವಾಗಿ ಬರುತ್ತದೆ, ಬಂದ ಮೇಲೆ ಕೋಣೆಯ ಒಬ್ಬ ಸದಸ್ಯನಂತೆ ಉಳಿದುಬಿಡುತ್ತದೆ.

ಪದವಿ ಪತ್ರ ಕೈಗೆ ಬಂದ ಸಂಜೆ ಮಾವ ಪೇಟೆಯಿಂದ ನೇರ ಬಂದರು. “ನಮ್ಮಂಥೋರ ಕೈಲಿ ಆಗಲ್ಲ ಅಂದಿದ್ನಲ್ಲ, ಈ ಬಾಯಿಗೆ ಮೊದ್ಲು ಸಕ್ಕರೆ ಹಾಕು” ಎಂದರು. ಗೆದ್ದಿದ್ದೆ, ಆದರೆ ಬೆನ್ನು ನೆಟ್ಟಗಾಗಲಿಲ್ಲ. ವರದಿಯ ಆ ಸುಳ್ಳನ್ನು ಇಬ್ಬರೆದುರೂ ಒಪ್ಪಿಕೊಂಡು, “ಇದ್ರಲ್ಲಿ ನಿನ್ ಹೆಸ್ರೂ ಇದೆ ಕಣಮ್ಮಾ” ಎಂದು ಪತ್ರವನ್ನು ಅಮ್ಮನ ಕೈಗಿಟ್ಟೆ. ಅವಳು ಸೆರಗು ಹಿಡಿಯುವಂತೆಯೇ ಅದರ ಎರಡು ಅಂಚು ಹಿಡಿದು, ಪರದೆಯ ಹತ್ತಿರಕ್ಕೆ ಸರಿದು, ಕಣ್ಣು ಕಿರಿದು ಮಾಡಿ ಹುಡುಕಿದಳು.

“ಇದ್ರಲ್ಲಿ ನನ್ ಹೆಸ್ರೂ ಇದೆ ಅಂದ್ಯಲ್ಲ, ಎಲ್ಲೇ? ಕಾಣ್ತಾ ಇಲ್ಲ. ಬೆಳಕು ಸಾಲ್ದು ನಂಗೆ, ಜಾಸ್ತಿ ಮಾಡು.”